ಬ್ರ್ಯಾಂಡಪ್ಪನವರ ಏಳನೇ ಲೋಗೋ

ರಾಜಾಜಿನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ, ಹಾಲಿನ ಬೂತಿನ ಮುಂದೆ ನೀಲಿ ಬ್ಲೇಜರ್ ತೊಟ್ಟು ಸ್ಕೂಟರ್ ಸ್ಟಾರ್ಟ್ ಮಾಡಲು ಹೆಣಗುತ್ತಿರುವ ಗಂಡಸು ಕಂಡರೆ ಮುಹೂರ್ತಕ್ಕೆ ಹೊರಟವರು ಎಂದುಕೊಳ್ಳಬಾರದು. ಅವರು ಬ್ರ್ಯಾಂಡಪ್ಪ, ನೆಟ್‌ವರ್ಕಿಂಗ್ ಮೀಟಿಂಗಿಗೆ ಹೊರಟಿದ್ದಾರೆ. ಈ ಹೆಸರು ಬೀದಿಯವರು ಇಟ್ಟದ್ದು. ಆಧಾರ್ ಕಾರ್ಡಿನಲ್ಲಿ ಬೇರೆ ಇದೆ. ವ್ಯಾಪಾರ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳದ್ದು. ಹುರಿದು, ಕುಟ್ಟಿ, ಜರಡಿ ಹಿಡಿದು ಪುಡಿ ಮಾಡುವುದು ಅವರ ಅತ್ತಿಗೆ. ಉಳಿದ ಭಾರವೆಲ್ಲ, ಅಂದರೆ ಬ್ರ್ಯಾಂಡಿಂಗ್, ಇವರ ತಲೆಯ ಮೇಲಿದೆ. ಇದೇ ಬ್ರ್ಯಾಂಡಪ್ಪ ಹುಬ್ಬಳ್ಳಿಯಲ್ಲಿ ಶೇಂಗಾ ಹೋಳಿಗೆ ಮಾರುತ್ತಾರೆ, ಮಂಗಳೂರಿನಲ್ಲಿ ಗಾಣದ ಎಣ್ಣೆ. ಬ್ಲೇಜರ್ ಮಾತ್ರ ಎಲ್ಲ ಊರಲ್ಲೂ ನೀಲಿಯೇ.

ವ್ಯಾಪಾರಕ್ಕೆ ಮೂರು ವರ್ಷ ತುಂಬಿದೆ, ಲೋಗೋ ಏಳನೆಯದು ನಡೆಯುತ್ತಿದೆ. ಮೊದಲನೆಯದರಲ್ಲಿ ಕಮಲವಿತ್ತು. ಕಮಲ ರಾಜಕೀಯವಾಗುತ್ತದೆ ಎಂದು ಯಾರೋ ಅಂದರು, ಎಲೆ ಬಂತು. ಎಲೆ ನೋಡಿ ಆಯುರ್ವೇದದ ಔಷಧಿ ಕೇಳಿಕೊಂಡು ಜನ ಬಂದರು, ಜ್ವಾಲೆ ಬಂತು. ಜ್ವಾಲೆ ಕಂಡವರು ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಫೋನ್ ಮಾಡಿದರು. ಹೆಸರೂ ಅಷ್ಟೇ. ಮೊದಲು ಸಂಸ್ಕೃತದಲ್ಲಿತ್ತು, ಆಮೇಲೆ ಇಂಗ್ಲಿಷಾಯಿತು, ಹೋದ ಯುಗಾದಿಯಿಂದ ಕೊನೆಯಲ್ಲಿ ‘ಗ್ಲೋಬಲ್’ ಸೇರಿದೆ. ಪುಡಿ ಇನ್ನೂ ನವರಂಗ್ ಸರ್ಕಲ್ ದಾಟಿಲ್ಲ.

ಡಿಸೈನರ್‌ಗೆ ದುಡ್ಡು ಕೊಡುವ ಮಾತು ಬಂದಾಗ ಅವರು ನೈಕಿಯ ಕತೆ ತೆಗೆಯುತ್ತಾರೆ. ಕತೆ ನಿಜವೇ. 1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಡಿಸೈನ್ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ಆ ಬಾಗಿದ ಗೀಟನ್ನು ಬರೆದುಕೊಟ್ಟದ್ದು 35 ಡಾಲರಿಗೆ. ‘ಜಗತ್ತಿನ ದೊಡ್ಡ ಲೋಗೋಗೇ 35 ಡಾಲರ್, ನಂದಕ್ಕೆ ಐನೂರು ರೂಪಾಯಿ ಜಾಸ್ತಿ ಆಗ್ಲಿಲ್ವಾ?’ ಎಂದು ಪಕ್ಕದ ಮನೆಯ ಡಿಪ್ಲೊಮಾ ಹುಡುಗನ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. 1983ರಲ್ಲಿ ಕಂಪನಿ ಆಕೆಯನ್ನು ಕರೆದು ಷೇರುಗಳನ್ನೂ ಕೊಟ್ಟಿತು ಎಂಬ ಉತ್ತರಾರ್ಧ ಅವರ ಕತೆಯಲ್ಲಿ ಬರುವುದಿಲ್ಲ. ಹುಡುಗ ಕೊನೆಗೆ ಫೋನಿನ ಆ್ಯಪ್ ಒಂದರಲ್ಲಿ ಪುಕ್ಕಟೆ ಸಿಗುವ ಭೂಗೋಳದ ಚಿತ್ರ ಎತ್ತಿ, ಮೇಲೊಂದು ಮೆಣಸಿನಕಾಯಿ ಇಟ್ಟು ಕಳಿಸಿದ. ಅದೇ ಚಿತ್ರ ಎರಡು ರಸ್ತೆ ಆಚೆ ಒಂದು ಟ್ರಾವೆಲ್ಸ್ ಅಂಗಡಿಯ ಮೇಲೂ ಇದೆ, ಮೆಣಸಿನಕಾಯಿ ಜಾಗದಲ್ಲಿ ವಿಮಾನ.

ಏಳನೇ ಲೋಗೋ ಹಿಡಿದು ಅವರು ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಅಂಗಡಿಗೆ ಹೋದ ದಿನದ ಸಂಭಾಷಣೆ ಅಲ್ಲಿನ ಹುಡುಗರಿಗೆ ಈಗಲೂ ಬಾಯಿಪಾಠ.

‘ಸಾರ್, ಇದು ವಾಟ್ಸಾಪಲ್ಲಿ ಬಂದಿರೋ ಜೆಪೆಗ್. ಸಿಡಿಆರ್ ಇಲ್ವಾ?’

‘ಅಂದ್ರೆ?’

‘ಕೋರಲ್ ಫೈಲು. ಹೋಗ್ಲಿ, ವೆಕ್ಟರ್ ಇರೋ ಪಿಡಿಎಫ್ ಆದ್ರೂ ಕೊಡಿ. ಇದನ್ನ ಹತ್ತಡಿಗೆ ಎಳೆದ್ರೆ ರಂಗೋಲಿ ಚುಕ್ಕಿ ಇಟ್ಟಂಗೆ ಒಡೆದು ಹೋಗುತ್ತೆ.’

‘ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಬಿಡಯ್ಯ.’

‘ಎಷ್ಟು ದೂರ ಸಾರ್? ತುಮಕೂರಿಂದಾ?’

ಅಂಗಡಿಯ ಹುಡುಗ ಹೇಳಿದ್ದರಲ್ಲಿ ಸಣ್ಣ ವ್ಯಾಪಾರಿಗೆ ಬೇಕಾದ ಅರ್ಧ ವಿದ್ಯೆ ಅಡಗಿದೆ. ಜೆಪೆಗ್ ಚಿತ್ರ ಬಣ್ಣದ ಚುಕ್ಕಿಗಳಿಂದಾದದ್ದು, ದೊಡ್ಡದು ಮಾಡಿದರೆ ಚುಕ್ಕಿಗಳೇ ದೊಡ್ಡದಾಗುತ್ತವೆ. ವೆಕ್ಟರ್ ಚಿತ್ರ ಗೆರೆಗಳ ಲೆಕ್ಕ. ವಿಸಿಟಿಂಗ್ ಕಾರ್ಡಿಗೂ ಬಸ್ಸಿನ ಮೈಗೂ ಒಂದೇ ಫೈಲ್ ಸಾಕು, ಅಂಚು ಕೆಡುವುದಿಲ್ಲ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಹಾಗಾಗಿ ಡಾಕ್ಯುಮೆಂಟ್ ಎಂದು ಕಳಿಸಬೇಕು. ಫೋನಿನ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ಸು ನಾಲ್ಕು ಶಾಯಿಗಳಿಂದ. ಪರದೆಯ ಮೇಲೆ ಕಣ್ಣು ಕುಕ್ಕುತ್ತಿದ್ದ ಬ್ರ್ಯಾಂಡಪ್ಪನವರ ಹಸಿರು ಅಚ್ಚಾಗಿ ಬಂದಾಗ ಮಂಕಾಗಿ ಪಾಚಿ ಬಣ್ಣಕ್ಕೆ ಇಳಿದದ್ದು ಅದಕ್ಕೇ. ಅವರು ಅದನ್ನು ‘ಅರ್ಥಿ ಟೋನ್’ ಎಂದು ಕರೆದು ಒಪ್ಪಿಕೊಂಡರು.

ಬೋರ್ಡಿನದು ಇನ್ನೊಂದು ರಾಮಾಯಣ. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬ್ರ್ಯಾಂಡಪ್ಪ ಕಾನೂನು ಮೀರುವವರಲ್ಲ. ಟೇಪು ಹಿಡಿದು ಅಳೆದರು. ‘ಗ್ಲೋಬಲ್’, ‘ಸ್ಪೈಸ್’, ‘ಪ್ರೀಮಿಯಂ’ ಎಲ್ಲವೂ ಕನ್ನಡ ಲಿಪಿಯಲ್ಲಿ ಮೇಲೆ ಬಂದವು. ಇಂಗ್ಲಿಷ್ ಅಲ್ಲದ್ದು ಎಂದು ಉಳಿದದ್ದು ‘ಶುದ್ಧ, ಸಾಂಪ್ರದಾಯಿಕ’ ಎಂಬ ಎರಡು ಪದ. ಅಕ್ಷರ ಜೋಡಿಸುವ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಆಗಿರಲಿಲ್ಲ, ಒತ್ತಕ್ಷರ ಕೆಳಗಿಳಿಯದೆ ಬೋರ್ಡಿನ ಮೇಲೆ ‘ಶುದ್‌ಧ, ಸಾಂಪ್‌ರದಾಯಿಕ’ ಎಂದು ಮೂಡಿತು. ಅಚ್ಚಿಗೆ ಹೋಗುವ ಮುಂಚೆ ಕನ್ನಡ ಬಲ್ಲ ಒಬ್ಬರು ಓದಿದ್ದರೆ ಸಾಕಿತ್ತು. ಅತ್ತಿಗೆ ಅಡುಗೆಮನೆಯಲ್ಲೇ ಇದ್ದರು. ಕನ್ನಡಕ್ಕೆ ಒಳ್ಳೆಯ ಫಾಂಟ್ ಇಲ್ಲ ಎಂಬ ಬ್ರ್ಯಾಂಡಪ್ಪನವರ ದೂರೂ ನಿಲ್ಲುವುದಿಲ್ಲ. ನೋಟೊ, ಬಾಲೂ ತಮ್ಮ, ಅನೇಕ್ ಇವೆಲ್ಲ ಪುಕ್ಕಟೆ ಸಿಗುತ್ತವೆ, ಒತ್ತುಗಳು ಸರಿಯಾಗಿ ಕೂರುತ್ತವೆ. ಸಾಲುಗಳ ನಡುವೆ ಒತ್ತಿಗೆ ಕೂರಲು ಜಾಗ ಬಿಡಬೇಕು, ಅಷ್ಟೇ.

ಬೋರ್ಡು ಬರೆಯುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ. ನಲವತ್ತು ಅಡಿ ರಸ್ತೆಯ ಆಚೆಯಿಂದ ಓದಬೇಕಾದರೆ ನಾಲ್ಕು ಇಂಚು ಬೇಕು. ಬ್ರ್ಯಾಂಡಪ್ಪನವರ ಬೋರ್ಡಿನಲ್ಲಿ ಫೋನ್ ನಂಬರ್ ಒಂದೂವರೆ ಇಂಚು, ‘ಸಿನ್ಸ್ 2022’ ಐದು ಇಂಚು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943 ಎಂದು ಹೇಳಿಕೊಂಡರೆ ಅದಕ್ಕೊಂದು ಗತ್ತು. 2022 ಎಂದರೆ ಆ ವರ್ಷ ಕೊಂಡ ಚಪ್ಪಲಿಯನ್ನೇ ಜನ ಇನ್ನೂ ಹಾಕಿಕೊಂಡು ಓಡಾಡುತ್ತಿದ್ದಾರೆ.

ಪುಡಿಯ ಪೊಟ್ಟಣದ ಮೇಲೆ ಲೋಗೋ ಎಷ್ಟು ಭರ್ಜರಿಯಾಗಿ ಕೂತಿತೆಂದರೆ ಉಳಿದದ್ದಕ್ಕೆ ಜಾಗವೇ ಇರಲಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಾದ ದಿನ, ದೂರು ಹೇಳಲು ಫೋನ್ ನಂಬರ್, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಇವೆಲ್ಲ ಒಂದು ಸ್ಟಿಕ್ಕರಿಗೆ ಹೋದವು. ಆ ಸ್ಟಿಕ್ಕರ್ ಅಂಟಿದ್ದು ಲೋಗೋದ ಮೇಲೆಯೇ. ಲೇಬಲ್ಲಿನಲ್ಲಿ ಮೊದಲು ಕಾನೂನಿನ ಪಾಲು ಕೊಟ್ಟು ಆಮೇಲೆ ಕಲೆಗೆ ಕೈ ಹಾಕುವುದು ಜಾಣತನ ಎಂದು ಅವರಿಗೆ ಹೇಳಿದವರುಂಟು. ಅತ್ತಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಬೆರೆಸುತ್ತಾರೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿಯ ಹೆಸರನ್ನೇ ದೊಡ್ಡದಾಗಿ ಹಾಕಿದ್ದರೆ ಪುಡಿಗೆ ತಾನಾಗಿ ಬೆಲೆ ಬರುತ್ತಿತ್ತು. ಅದು ‘ತೀರಾ ಲೋಕಲ್ ಆಗುತ್ತೆ’ ಎಂದು ಬಿಟ್ಟರು.

ಕ್ಯೂಆರ್ ಕೋಡ್ ವಿಷಯ ಎತ್ತದಿರುವುದು ವಾಸಿ, ಆದರೂ ಎತ್ತಲೇಬೇಕು. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಕಟ್ಟಿದ ಈ ಚೌಕಕ್ಕೆ ಒಂದಷ್ಟು ಭಾಗ ಹರಿದರೂ ಓದಿಸಿಕೊಳ್ಳುವ ಶಕ್ತಿ ಇದೆ. ಆ ಶಕ್ತಿಯನ್ನು ಬ್ರ್ಯಾಂಡಪ್ಪ ಪರೀಕ್ಷೆಗೆ ಒಡ್ಡಿದರು. ದುಡ್ಡು ಕಟ್ಟುವ ಕೋಡಿನ ನಡುವೆ ಅರ್ಧದಷ್ಟು ಲೋಗೋ ಕೂರಿಸಿ, ಸುತ್ತಲಿನ ಬಿಳಿ ಅಂಚನ್ನು ಬಳ್ಳಿ ಚಿತ್ತಾರದಿಂದ ತುಂಬಿಸಿದರು. ಯಾವ ಫೋನೂ ಓದಲಿಲ್ಲ. ಪಕ್ಕದಲ್ಲಿ ಚೆನ್ನಾಗಿ ಓದಿಸಿಕೊಳ್ಳುವ ಇನ್ನೊಂದು ಕೋಡ್ ಇತ್ತು, ಅದು ಇನ್‌ಸ್ಟಾಗ್ರಾಂದು. ನೂರಿಪ್ಪತ್ತು ರೂಪಾಯಿ ಕೊಡಲು ಬಂದ ಗಿರಾಕಿ ಬ್ರ್ಯಾಂಡಪ್ಪನವರನ್ನು ಫಾಲೋ ಮಾಡಿ ಹೋದ.

ಇಷ್ಟಾದರೂ ಅವರನ್ನು ದಡ್ಡ ಅನ್ನುವಂತಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ಅವರಿಗೆ ಒಪ್ಪುತ್ತದೆ ನಿಜ, ಆದರೆ ಅವರ ಪುರಾಣದಿಂದ ಬೀದಿ ಉದ್ಧಾರವಾಗಿದೆ. ಇಸ್ತ್ರಿ ಅಂಗಡಿಯವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೂಗಲ್ ಮ್ಯಾಪಿನಲ್ಲಿ ಅವನ ಅಂಗಡಿ ಸೇರಿಸಿದವರು ಇವರೇ. ತೆರೆಯುವ ಹೊತ್ತು, ರಜೆಯ ದಿನ, ಅಂಗಡಿಯ ಮುಂಭಾಗದ ಫೋಟೊ, ಎಲ್ಲ ಕರಾರುವಾಕ್ಕು. ಉದ್ಯಮ್ ನೋಂದಣಿಗೆ ಎರಡೂವರೆ ಸಾವಿರ ಕೇಳಿದ ಏಜೆಂಟನನ್ನು ಟೈಲರ್ ಅಂಗಡಿಯ ಮುಂದಿನಿಂದ ಓಡಿಸಿ, ಸರ್ಕಾರದ ಪೋರ್ಟಲ್ಲಿನಲ್ಲಿ ಅದು ಪೂರ್ತಿ ಉಚಿತ ಎಂದು ತಾವೇ ಮಾಡಿಕೊಟ್ಟರು. ಹೂವಿನವಳಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಲಿಸಿ, ‘ನಿನ್ನ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗುತ್ತೆ, ಮೊದ್ಲು ಸೇವ್ ಮಾಡಿಸು’ ಎಂದರು. ಆಕೆ ಹಾಗೇ ಮಾಡಿದಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳ ಸೇವಂತಿಗೆ ಹಿಂದಿನ ರಾತ್ರಿಯೇ ಖಾಲಿ.

ಸಲಹೆ ಕೊಡುವಾಗ ಅವರ ಬಾಯಲ್ಲಿ ದೊಡ್ಡವರ ಉದಾಹರಣೆಗಳು ಓಡಾಡುತ್ತವೆ. ಮೈಸೂರು ಸ್ಯಾಂಡಲ್ ಸೋಪು ಅವರಿಗೆ ಅಚ್ಚುಮೆಚ್ಚು. ಒಂದನೇ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು, ಎಸ್.ಜಿ. ಶಾಸ್ತ್ರಿಯವರು ಸೋಪು ರೂಪಿಸಿದ್ದು, ಆನೆಯ ತಲೆ ಸಿಂಹದ ಮೈಯ ಶರಭ ಲಾಂಛನವಾದದ್ದು, ಎಲ್ಲ ವಿವರವಾಗಿ ಹೇಳುತ್ತಾರೆ. ‘ನೋಡಿ, ಲೋಗೋ ಅಂದ್ರೆ ಹಾಗಿರಬೇಕು!’ ಶರಭ ತಲೆಮಾರುಗಟ್ಟಲೆ ಅಲ್ಲೇ ಕೂತಿದೆ, ಯುಗಾದಿಗೊಮ್ಮೆ ಭೂಗೋಳವಾಗಿಲ್ಲ ಎಂಬುದು ಅವರ ಗಮನಕ್ಕೆ ಬಂದ ಹಾಗಿಲ್ಲ. 1924ರಲ್ಲಿ ಹುಟ್ಟಿದ ಎಂಟಿಆರ್ ಬಗ್ಗೆಯೂ ಇದೇ ಗೋಳು. ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಟ್ಟು ಆ ಹೋಟೆಲ್ ಶುಚಿತ್ವಕ್ಕೆ ಹೆಸರಾಯಿತು. ಬ್ರ್ಯಾಂಡಪ್ಪ ಅದರಿಂದ ಎತ್ತಿಕೊಂಡದ್ದು ಮೂರಕ್ಷರದ ಹೆಸರು ಒಳ್ಳೆಯದು ಎಂಬುದನ್ನು. ಮಲ್ಲೇಶ್ವರದ ಸಿಟಿಆರ್ ಮಾತು ಬಂದರೆ ಮಾತ್ರ ಅವರು ಕಾಫಿ ಕಪ್ಪು ಎತ್ತಿಕೊಳ್ಳುತ್ತಾರೆ. ಆ ಹೋಟೆಲಿನ ಹೆಸರು ಶ್ರೀ ಸಾಗರ್ ಆಗಿ ಎಷ್ಟೋ ಕಾಲವಾಯಿತು, ಬೆಣ್ಣೆ ಮಸಾಲೆಗೆ ಸಾಲು ನಿಂತವರು ಸಿಟಿಆರ್ ಅನ್ನುವುದನ್ನು ಬಿಟ್ಟಿಲ್ಲ. ಇವರ ಗಿರಾಕಿಗಳೂ ಏಳು ಲೋಗೋ ನೋಡಿದ ಮೇಲೂ ಗೇಟಿನಲ್ಲಿ ನಿಂತು ಕೇಳುವುದು, ‘ಅತ್ತಿಗೆ ಪುಡಿ ಇದ್ಯಾ?’

ಒಬ್ಬ ವಕೀಲರು ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿ ಎಂದರು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ, ಮಸಾಲೆ ಬರುವುದು 30ನೇ ವರ್ಗದಲ್ಲಿ, ನೋಂದಣಿ ಆದರೆ ಹತ್ತು ವರ್ಷ ನಿಶ್ಚಿಂತೆ. ‘ಪ್ರೀಮಿಯಂ ಸಾಂಬಾರ್ ಪುಡಿ’ ಎಂಬಂಥ ಬರೀ ವರ್ಣನೆಯ ಹೆಸರನ್ನು ಕಚೇರಿ ಸುಲಭಕ್ಕೆ ಒಪ್ಪುವುದಿಲ್ಲ ಎಂದೂ ಹೇಳಿದರು. ಬ್ರ್ಯಾಂಡಪ್ಪ ತಲೆಯಾಡಿಸಿದರು, ಮರುದಿನ ‘ಗ್ಲೋಬಲ್’ ಹೆಸರಿನ ಮೂಲೆಗೆ ವೃತ್ತದೊಳಗಿನ ‘ಆರ್’ ಹಾಕಿಸಿದರು. ಅದು ನೋಂದಣಿ ಆದವರಿಗೆ ಮಾತ್ರ, ಆಗದವರು ‘ಟಿಎಂ’ ಎಂದಷ್ಟೇ ಹಾಕಬಹುದು ಎಂದು ವಕೀಲರು ಮತ್ತೆ ಫೋನ್ ಮಾಡಬೇಕಾಯಿತು. ಆ ‘ಆರ್’ ಮೇಲೆ ಈಗ ಇನ್ನೊಂದು ಸ್ಟಿಕ್ಕರ್ ಇದೆ.

ಇನ್ನು ಆ ಆರು ಗಂಟೆಯ ಮೀಟಿಂಗು. ವ್ಯಾಪಾರಸ್ಥರು ಸೇರಿ ಒಬ್ಬರಿಗೊಬ್ಬರು ಗಿರಾಕಿ ಕೊಡಿಸುವ ಪದ್ಧತಿ ಹಳೆಯದು. 1905ರಲ್ಲಿ ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿಯ ಜೊತೆ ಕೂತು ರೋಟರಿ ಶುರು ಮಾಡಿದಾಗ ಆ ಉದ್ದೇಶವೂ ಇತ್ತು. 1985ರಲ್ಲಿ ಐವನ್ ಮೈಸ್ನರ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುಹಾಕಿದ ಬಿಎನ್‌ಐ ಅದನ್ನು ವಾರ ವಾರದ ಶಿಸ್ತಿಗೆ ತಂದಿತು: ಒಂದು ಕೂಟದಲ್ಲಿ ಒಂದು ಕಸುಬಿಗೆ ಒಬ್ಬರೇ. ಬ್ರ್ಯಾಂಡಪ್ಪನವರದು ಅದೇ ಮಾದರಿಯ, ಹೆಸರಿಲ್ಲದ ಒಂದು ಸಣ್ಣ ಕೂಟ. ಮಸಾಲೆಯ ಕುರ್ಚಿ ಮೊದಲೇ ಭರ್ತಿಯಾಗಿದ್ದರಿಂದ ಇವರು ‘ಪಾಕ ಪರಂಪರೆ’ ಎಂಬ ಹೊಸ ಕಸುಬು ಹುಟ್ಟಿಸಿ ಒಳಹೊಕ್ಕರು.

ಪ್ರತಿಯೊಬ್ಬರಿಗೂ ಒಂದು ನಿಮಿಷ. ಎಲೆಕ್ಟ್ರಿಷಿಯನ್ ಎದ್ದು, ‘ಇಪ್ಪತ್ತು ಮನೆ ಮೇಲ್ಪಟ್ಟ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಯಾರಾದ್ರೂ ಗೊತ್ತಿದ್ರೆ ಪರಿಚಯ ಮಾಡಿಸಿ’ ಅಂದ. ಮೂರು ಚೀಟಿ ಬಂದವು. ಬ್ರ್ಯಾಂಡಪ್ಪ ಎದ್ದು ‘ಪುಡಿ ಎಂದರೆ ಬರೀ ಪುಡಿಯಲ್ಲ’ ಎಂದು ಆರಂಭಿಸಿ, ವಿಜಯನಗರ ಸಾಮ್ರಾಜ್ಯದ ಮೆಣಸಿನ ವ್ಯಾಪಾರಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಒಬ್ಬ ಕೇಟರಿಂಗಿನವರಿಗೆ ಮಾತ್ರ ಕನಿಕರವೋ ಹಸಿವೋ, ‘ಶನಿವಾರದ ಗೃಹಪ್ರವೇಶಕ್ಕೆ ಐದು ಕೆಜಿ ಹುಳಿಪುಡಿ ಬೇಕಿತ್ತು’ ಎಂದು ಬಂದು ನಿಂತರು. ಬ್ರ್ಯಾಂಡಪ್ಪ ಉತ್ಸಾಹದಲ್ಲಿ ತಮ್ಮದೇ ವಿಸಿಟಿಂಗ್ ಕಾರ್ಡಿನ ಹಿಂದೆ ಆರ್ಡರನ್ನೂ ಅವರ ನಂಬರನ್ನೂ ಬರೆದುಕೊಂಡರು. ಎರಡು ನಿಮಿಷದಲ್ಲಿ ಅದೇ ಕಾರ್ಡನ್ನು ಒಬ್ಬ ವಿಮಾ ಏಜೆಂಟರ ಕೈಗಿಟ್ಟು, ‘ಕನೆಕ್ಟ್ ಆಗೋಣ’ ಎಂದರು.

ವಿಮಾ ಏಜೆಂಟ್ ಕೆಲಸಗಾರ ಮನುಷ್ಯ. ಮಧ್ಯಾಹ್ನ ಕಾರ್ಡು ತಿರುವಿ ನೋಡಿ, ಮುಂದಿದ್ದ ನಂಬರಿಗೆ ಫೋನ್ ಮಾಡಿದ. ಬ್ರ್ಯಾಂಡಪ್ಪ ಎತ್ತಲಿಲ್ಲ, ಎಂಟನೇ ಲೋಗೋದ ಮೀಟಿಂಗಿನಲ್ಲಿದ್ದರು. ವಿಳಾಸ ಹಿಡಿದು ಮನೆಗೇ ಬಂದ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಓದಿದರು, ಕೇಟರಿಂಗಿನವರಿಗೆ ಫೋನ್ ಮಾಡಿ ‘ಖಾರ ಮಧ್ಯಮವಾ, ಜಾಸ್ತಿಯಾ?’ ಎಂದು ವಿಚಾರಿಸಿದರು, ಅರ್ಧ ದುಡ್ಡು ಮುಂಗಡ ತರಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಏಜೆಂಟನಿಗೆ ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಕಾಲು ಕೆಜಿ ಸಾರಿನ ಪುಡಿ ಕಟ್ಟಿಕೊಟ್ಟು ದುಡ್ಡೂ ತೆಗೆದುಕೊಂಡರು.

ಸಂಜೆ ಬ್ರ್ಯಾಂಡಪ್ಪನವರ ಸ್ಟೇಟಸ್ಸಿನಲ್ಲಿ ನೆಟ್‌ವರ್ಕಿಂಗಿನ ಮಹಾಶಕ್ತಿ ಕುರಿತು ಹನ್ನೊಂದು ಸಾಲು ಬಂದವು. ಜೊತೆಗೆ ಫೋಟೊ, ಫೋಟೊದ ಮೂಲೆಯಲ್ಲಿ ಎಂಟನೇ ಲೋಗೋ. ಈ ಸಲ ಮತ್ತೆ ಕಮಲ.