ಪ್ರಥಮ ಸ್ಕೂಟರ್ ಪರಿಗ್ರಹ ಮೀಮಾಂಸೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಕೊರತೆಯೆಂಬುದು ಎಂದೂ ಇದ್ದುದಿಲ್ಲ. ಹಸುವಿಗೆ ಹೊಟ್ಟೆಯುಬ್ಬರಿಸಿದರೆ ಕೀರ್ತಿವರ್ಮನ ‘ಗೋವೈದ್ಯ’ವಿದೆ, ಹಾವು ಕಚ್ಚಿದವನಿಗೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಿದೆ, ಹಾವೇನೂ ಕಚ್ಚದೆ ಹಸಿವೆ ಮಾತ್ರವೇ ಕಾಡುತ್ತಿರುವವನಿಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ, ಇವುಗಳಲ್ಲಿ ಯಾವುದೂ ಕೈಗೆ ಸಿಕ್ಕದಿದ್ದಲ್ಲಿ, ಅಂತರ್ಜಲವನ್ನು ಕಂಡುಹಿಡಿಯುವುದರಿಂದ ಮೊದಲ್ಗೊಂಡು ಶಕುನ ನೋಡುವವರೆಗೆ ಬಹುವಿಷಯಗಳನ್ನು ಒಂದೇ ಕಟ್ಟಿನಲ್ಲಿ ಹೇಳಿ ಮುಗಿಸಿದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವಂತೂ ಇದ್ದೇ ಇದೆ. ಇಂತಿರಲು, ವಿಜಯನಗರದ (ಸಾಮ್ರಾಜ್ಯವಲ್ಲ, ಬೆಂಗಳೂರಿನ ಬಡಾವಣೆ) ಬಾಡಿಗೆ ಮನೆಯಿಂದ ಪೀಣ್ಯದ ಕಾರ್ಖಾನೆಗೆ ದಿನಂಪ್ರತಿ ಹೋಗಿಬರಬೇಕಾದ, ಕೆಲಸಕ್ಕೆ ಸೇರಿ ವರ್ಷ ತುಂಬದ ತರುಣನೊಬ್ಬನು ತನ್ನ ಪ್ರಥಮ ಸ್ಕೂಟರನ್ನು ಹೊಸದಾಗಿ ಕೊಳ್ಳತಕ್ಕದ್ದೋ ಅಥವಾ ಅನ್ಯಭುಕ್ತವಾದುದನ್ನೇ ಕೊಳ್ಳತಕ್ಕದ್ದೋ ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಪೂರ್ವಾಚಾರ್ಯರಲ್ಲಿ ಒಬ್ಬರಾದರೂ ಎತ್ತಿಕೊಳ್ಳದೆ ಹೋದದ್ದು ಸೋಜಿಗದ ಸಂಗತಿ. ಅವರ ಕಾಲದಲ್ಲಿ ಸ್ಕೂಟರೇ ಇರಲಿಲ್ಲವೆಂಬ ಸಮಾಧಾನವನ್ನು ಕೆಲವರು ಹೇಳುವರು. ಆದರೆ ವಸ್ತುವಿನ ಅಭಾವವು ಶಾಸ್ತ್ರರಚನೆಗೆ ಅಡ್ಡಿಯಾದ ನಿದರ್ಶನ ನಮ್ಮ ಪರಂಪರೆಯಲ್ಲಿ ತೀರ ವಿರಳ.

ಶಾಸ್ತ್ರಾರಂಭದಲ್ಲಿ ಅಧಿಕಾರಿ ಯಾರೆಂಬುದನ್ನು ನಿರ್ಣಯಿಸುವುದು ವಾಡಿಕೆ. 18 ವರ್ಷ ತುಂಬದವನು ಅನಧಿಕಾರಿ. 16ಕ್ಕೇ ದೊರೆಯುವ ಲೈಸೆನ್ಸೊಂದು ಕಾಯಿದೆಯಲ್ಲಿ ಉಂಟಾದರೂ ಅದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಗೆ ಮಾತ್ರ ಸಲ್ಲತಕ್ಕದ್ದು. ಅಂತಹ ಪೆಟ್ರೋಲ್ ಗಾಡಿಯೋ ಇಂದಿನ ಶೋರೂಮುಗಳಲ್ಲಿ ಶಶವಿಷಾಣದಂತೆ ನಾಮಮಾತ್ರಾವಶಿಷ್ಟವಾಗಿದೆ. ಹಣವನ್ನೆಲ್ಲ ತಂದೆಯೇ ಕೊಡುವನಾದರೆ ಅಂತಹ ತರುಣನಿಗೂ ಈ ಶಾಸ್ತ್ರದ ಆವಶ್ಯಕತೆಯಿಲ್ಲ. ಅವನಿಗೆ ಬಣ್ಣವೊಂದನ್ನು ಆರಿಸುವಷ್ಟು ಸ್ವಾತಂತ್ರ್ಯ ಉಳಿದಿದ್ದರೆ ಅದೇ ಹೆಚ್ಚು. ತನ್ನ ಸಂಬಳದಿಂದ ತಾನೇ ಕೊಳ್ಳಬೇಕಾದವನು, ಬಸ್ಸಿನ ಬಾಗಿಲಲ್ಲಿ ನೇತಾಡಿ ವಿವೇಕವನ್ನೂ ಬೈಕುಗಳ ಬೆಲೆ ವಿಚಾರಿಸಿ ವೈರಾಗ್ಯವನ್ನೂ ಸಂಪಾದಿಸಿಕೊಂಡವನು, ಅವನೊಬ್ಬನೇ ಇಲ್ಲಿ ಅಧಿಕಾರಿ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಿ ಪೀಣ್ಯಕ್ಕೆ ಹೋಗಬಹುದಲ್ಲವೆ ಎಂಬ ಆಕ್ಷೇಪವು ಇಲ್ಲಿ ಬರುವುದು ಸಹಜ. ಅದನ್ನು ಒಪ್ಪಿಕೊಂಡರೆ ಪ್ರಬಂಧಕ್ಕೆ ವಿಷಯವೇ ಇಲ್ಲದಂತಾಗುವುದರಿಂದ, ಗ್ರಂಥಗೌರವದ ದೃಷ್ಟಿಯಿಂದ ತಳ್ಳಿಹಾಕಲಾಗಿದೆ.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1946ರಲ್ಲಿ ಇಟಲಿಯ ಪಿಯಾಜಿಯೋ ಕಂಪೆನಿಗಾಗಿ ‘ವೆಸ್ಪಾ’ ಎಂಬ ಸ್ಕೂಟರನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ಎಂಬಾತನು ಮೂಲತಃ ವಿಮಾನಗಳ ಇಂಜಿನಿಯರು. ಮೋಟಾರ್ ಸೈಕಲ್ಲೆಂದರೆ ಅವನಿಗೆ ಆಗುತ್ತಿರಲಿಲ್ಲ. ಯಾವ ವಸ್ತುವಿನಲ್ಲಿ ಅಪ್ರೀತಿಯಿದೆಯೋ ಅದರ ಪರ್ಯಾಯವನ್ನು ಕಲ್ಪಿಸುವವನೇ ಸೃಷ್ಟಿಕರ್ತನೆಂಬುದಕ್ಕೆ ಇದಕ್ಕಿಂತ ಬಲವತ್ತರವಾದ ದೃಷ್ಟಾಂತ ಬೇಕಿಲ್ಲ. ಭಾರತದಲ್ಲಿ 1972ರಲ್ಲಿ ಅವತರಿಸಿದ ಬಜಾಜ್ ಚೇತಕ್, ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತಿತ್ತು. ಹೆಸರಿನ ವೇಗಕ್ಕೂ ಬರುವ ವೇಗಕ್ಕೂ ಸಂಬಂಧವಿರಲಿಲ್ಲ. ಹೆಸರು ನೋಂದಾಯಿಸಿದವರು ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಓಡಿಸಿ ಹಳೆಯದಾದ ಸ್ಕೂಟರು ಹೊಸದರ ನಿಗದಿತ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಬಂದ ಗಾಡಿಯನ್ನಾದರೂ ಬೆಳಗ್ಗೆ ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಕಿಕ್ಕರಿನ ಮೇಲೆ ಕಾಲಿಟ್ಟು ಸ್ಮರಿಸಬೇಕಾದ ದೇವತೆಗಳನ್ನೆಲ್ಲ ಸ್ಮರಿಸಿಯೇ ಪ್ರಾರಂಭಿಸಬೇಕಾಗುತ್ತಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದು ಎಡಗೈಯನ್ನು ಗೇರಿನ ದಾಸ್ಯದಿಂದಲೂ ಕಾಲನ್ನು ಕಿಕ್ಕರಿನ ದಾಸ್ಯದಿಂದಲೂ ಬಿಡುಗಡೆ ಮಾಡಿತು. ಅಲ್ಲಿಂದೀಚೆಗೆ ಕಾಯುವಿಕೆಯೆಂಬ ತಪಸ್ಸು ಲೋಪವಾಗಿ, ಆಯ್ಕೆಯೆಂಬ ಸಂಸಾರವು ಆರಂಭವಾಯಿತು.

ಈಗ ಪೂರ್ವಪಕ್ಷ. ನೂತನವಾದಿಗಳು ಹೇಳುವುದೇನೆಂದರೆ: ಹೊಸ ಗಾಡಿಗೆ ವಾರಂಟಿಯಿದೆ, ಅದರ ಹಿಂದಿನ ಜನ್ಮದ ಕರ್ಮಶೇಷ ನಮಗೆ ಅಂಟುವುದಿಲ್ಲ, ಕಂತಿನ ಮೇಲೆ ಸಿಗುತ್ತದೆ, ಅಲ್ಲದೆಯೂ ಆಯುಧಪೂಜೆಯ ದಿನ ಅದಕ್ಕೆ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣಿಟ್ಟು ಓಡಿಸುವಾಗ ಸೋದರಮಾವನ ಮುಖದಲ್ಲಿ ಮೂಡುವ ಭಾವವನ್ನು ಹಳೆಯ ಗಾಡಿ ಎಂದಿಗೂ ಮೂಡಿಸಲಾರದು. ಈ ವಾದಕ್ಕೆ ಉತ್ತರ ಹೇಳುವ ಮೊದಲು ಬೆಲೆಯ ಸತ್ತಾತ್ರಯವನ್ನು ವಿವೇಚಿಸಬೇಕು. ವೇದಾಂತಿಗಳು ಸತ್ಯವನ್ನು ಪ್ರಾತಿಭಾಸಿಕ, ವ್ಯಾವಹಾರಿಕ, ಪಾರಮಾರ್ಥಿಕವೆಂದು ಮೂರು ಬಗೆಯಾಗಿ ವಿಂಗಡಿಸಿದುದು ಸ್ಕೂಟರ್ ಮಾರಾಟವನ್ನು ಮುಂಗಂಡೇ ಇರಬೇಕೆಂದು ನಮಗೆ ಬಲವಾದ ಗುಮಾನಿಯಿದೆ. ಜಾಹೀರಾತಿನ ಫಲಕದಲ್ಲಿ ಸಣ್ಣದೊಂದು ನಕ್ಷತ್ರಚಿಹ್ನೆಯೊಡನೆ ಕಾಣುವ ‘ಆರಂಭಿಕ ಬೆಲೆ’ಯು ಪ್ರಾತಿಭಾಸಿಕ, ಮರುಭೂಮಿಯಲ್ಲಿ ನೀರು ಕಂಡಂತೆ ಕಾಣುವುದು, ಹತ್ತಿರ ಹೋದರೆ ಇರುವುದಿಲ್ಲ. ಶೋರೂಮಿನ ಗಾಜಿನ ಮೇಜಿನ ಹಿಂದೆ ಕುಳಿತ ಹುಡುಗನು ಕಾಗದದ ಮೇಲೆ ಬರೆದು ತೋರಿಸುವ ‘ಎಕ್ಸ್-ಶೋರೂಂ’ ಬೆಲೆಯು ವ್ಯಾವಹಾರಿಕ. ಮಾತುಕತೆ ನಡೆಯುವಷ್ಟು ಕಾಲ ಅದು ಸತ್ಯವೇ. ರಾಜ್ಯದ ಜೀವಾವಧಿ ತೆರಿಗೆ, ರಿಜಿಸ್ಟ್ರೇಷನ್, 2018ರಿಂದ ಹೊಸ ದ್ವಿಚಕ್ರಗಳಿಗೆ ಕಡ್ಡಾಯವಾದ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆ ಇವೆಲ್ಲ ಕೂಡಿದ ಮೇಲೆ, ನೀವು ಕೇಳದಿದ್ದರೂ ತಾವಾಗಿಯೇ ಬಂದು ಸೇರುವ ಸೀಟ್ ಕವರ್, ಕಾಲ್ಚಾಪೆ, ಸುತ್ತಲಿನ ಉಕ್ಕಿನ ಗಾರ್ಡ್ ಮೊದಲಾದ ಉಪಾಧಿಗಳೊಡನೆ ಸಾಕ್ಷಾತ್ಕಾರವಾಗುವ ‘ಆನ್ ರೋಡ್’ ಬೆಲೆಯೊಂದೇ ಪಾರಮಾರ್ಥಿಕ. ಇಂದು 110 ಸಿ.ಸಿ.ಯ ಸಾಧಾರಣ ಸ್ಕೂಟರೊಂದಕ್ಕೆ ಅದು ಲಕ್ಷ ರೂಪಾಯಿಯ ಆಚೆ ಈಚೆ ಇರುವುದು. ಸಾಲದ ಬಡ್ಡಿಯನ್ನು ಇದಕ್ಕೆ ಸೇರಿಸಿ ಲೆಕ್ಕ ಹಾಕುವವನು ತುರೀಯಾವಸ್ಥೆಯನ್ನು ಮುಟ್ಟುತ್ತಾನೆ. ಅಲ್ಲಿಂದ ಮಾತು ಹೊರಡುವುದಿಲ್ಲ.

ಇಷ್ಟು ತೆತ್ತು ತಂದುದರ ಕ್ಷಯಕ್ರಮವನ್ನಾದರೂ ನೋಡಿ. ವಿಮೆಯ ಶಾಸ್ತ್ರಕಾರರು ಗಾಡಿಯ ಮೌಲ್ಯವು ಆರು ತಿಂಗಳೊಳಗೆ ಶೇಕಡ 5ರಷ್ಟು, ವರ್ಷದೊಳಗೆ 15ರಷ್ಟು, ಎರಡು ವರ್ಷದೊಳಗೆ 20ರಷ್ಟು, ಮೂರರೊಳಗೆ 30ರಷ್ಟು, ನಾಲ್ಕರೊಳಗೆ 40ರಷ್ಟು, ಐದರೊಳಗೆ 50ರಷ್ಟು ಕಳೆಯುವುದೆಂದು ಕೋಷ್ಟಕವನ್ನೇ ಕೊಟ್ಟಿದ್ದಾರೆ. ಕೃಷ್ಣಪಕ್ಷದ ಚಂದ್ರನಿಗಾದರೋ ಅಮಾವಾಸ್ಯೆಯ ಮರುದಿನದಿಂದ ಪುನಃ ವೃದ್ಧಿಯುಂಟು. ಇದಕ್ಕೆ ಅದೂ ಇಲ್ಲ.

ಹಾಗಾದರೆ ಜೀರ್ಣವಾದಿಗಳ ಪಕ್ಷವೇ ಗೆದ್ದಿತೆ? ತಡೆಯಿರಿ. ಹಳೆಯ ಗಾಡಿಯನ್ನು ಮಾರುವವನು ಏನನ್ನುತ್ತಾನೆ? “ಲೇಡೀಸ್ ಓಡಿಸಿದ್ದು ಸಾರ್, ಸಿಂಗಲ್ ಓನರ್. ಇಂಜಿನ್ ಗುಂಡುಕಲ್ಲು ಇದ್ದಂಗಿದೆ, ಕಣ್ಮುಚ್ಕೊಂಡು ತಗೊಳ್ಳಿ.” ಪ್ರಮಾಣಗಳಲ್ಲಿ ಜ್ಯೇಷ್ಠವಾದುದು ಪ್ರತ್ಯಕ್ಷವೆಂದು ಸಕಲ ದರ್ಶನಗಳೂ ಒಪ್ಪಿರುವಾಗ, ಕಣ್ಣು ಮುಚ್ಚಿಕೊಳ್ಳಬೇಕೆಂಬುದೇ ಈತನ ಮೊದಲ ಬೋಧೆಯಾಗಿರುವುದನ್ನು ಸಾಧಕನು ಗಮನಿಸತಕ್ಕದ್ದು. ಆದಕಾರಣ ಮೀಮಾಂಸಕರ ಪ್ರಮಾಣಗಳನ್ನು ಈ ಗಾಡಿಗೆ ಅನ್ವಯಿಸಿ ನೋಡುವುದು ಯುಕ್ತ.

ಪ್ರತ್ಯಕ್ಷವನ್ನು ಬೆಳಗಿನ ಹೊತ್ತಿನಲ್ಲಿಯೇ ನಡೆಸಬೇಕು, ಮತ್ತು ಕೈಯಿಂದ ಆರಂಭಿಸಬೇಕು. ಹೋದೊಡನೆ ಇಂಜಿನ್ನನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ, ನಿಮ್ಮ ಬರವಿಗೆ ಮುಂಚೆಯೇ ಅದನ್ನು ಓಡಿಸಿ ಹದಗೊಳಿಸಿದ್ದಾರೆಂದು ತಿಳಿದು ಇನ್ನೊಂದು ದಿನ ಬನ್ನಿರಿ. ತಣ್ಣಗಿರುವ ಇಂಜಿನ್ನು ಮಾತ್ರವೇ ಸತ್ಯ ನುಡಿಯುವುದು. ಬಳಿಕ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿರಿ: ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ, 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದ ಟೈರು. ಹಲ್ಮಿಡಿ ಶಾಸನದಲ್ಲಿ ಕಾಲನಿರ್ದೇಶವಿಲ್ಲದ ಕಾರಣ ನಮ್ಮ ವಿದ್ವಾಂಸರು ಲಿಪಿಯನ್ನೂ ಭಾಷೆಯನ್ನೂ ಹಿಡಿದು ಎಷ್ಟು ಶ್ರಮಿಸಬೇಕಾಯಿತೆಂಬುದನ್ನು ಬಲ್ಲವರು ಟೈರು ತಯಾರಕರ ಈ ಸೌಜನ್ಯವನ್ನು ಮೆಚ್ಚದೆ ಇರಲಾರರು.

ಅನುಮಾನಪ್ರಮಾಣದಲ್ಲಿ ನಮ್ಮ ನೈಯಾಯಿಕರು ಶತಮಾನಗಳ ಕಾಲ ಬೆಟ್ಟದ ಮೇಲಿನ ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸುವುದರಲ್ಲಿಯೇ ಕಳೆದರು. ಸೈಲೆನ್ಸರಿನ ಹೊಗೆ ಅವರ ದೃಷ್ಟಿಗೆ ಬೀಳಲಿಲ್ಲ. ಇಂಜಿನ್ನು ಬಿಸಿಯಾದ ಮೇಲೂ ನೀಲಿಛಾಯೆಯ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆಯೆಂದೂ, ಪಿಸ್ಟನ್ ರಿಂಗುಗಳೋ ವಾಲ್ವ್ ಸೀಲುಗಳೋ ಸವೆದಿವೆಯೆಂದೂ ನಿಶ್ಚಯಿಸಬಹುದು. ಚಳಿಗಾಲದ ಮುಂಜಾನೆ ಮೊದಲ ನಿಮಿಷದಲ್ಲಿ ಕಂಡು ಮರೆಯಾಗುವ ಬಿಳಿಯದು ಹೊಗೆಯಲ್ಲ, ತೇವಾಂಶದ ಆವಿ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಸಾಧಿಸುವ ಹೇತ್ವಾಭಾಸಕ್ಕೆ ಸಾಧಕನು ಎಡೆಗೊಡಬಾರದು. ಓಡಿಸುವಾಗ ಹ್ಯಾಂಡಲ್ಲು ಒಂದೇ ಪಕ್ಕಕ್ಕೆ ಎಳೆದರೆ ಗಾಡಿ ಎಲ್ಲಿಯೋ ಬಿದ್ದು ಫೋರ್ಕು ಬಾಗಿರುವುದರ ಅನುಮಾನ. ಹೊರಡುವ ಹೊತ್ತಿನಲ್ಲಿ ನಡುಗಿದರೆ ಕ್ಲಚ್ಚಿನ ಸವೆತದ ಅನುಮಾನ.

ಅರ್ಥಾಪತ್ತಿಯೆಂಬ ಪ್ರಮಾಣವಿದೆ. ಹಗಲಿನಲ್ಲಿ ಉಣ್ಣದ ದೇವದತ್ತನು ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಗತ್ಯಂತರವಿಲ್ಲ. ಅಂತೆಯೇ, ಐದು ವರ್ಷದ ಗಾಡಿಯ ಮೀಟರು ಎಂಟು ಸಾವಿರ ಕಿಲೋಮೀಟರು ತೋರಿಸುತ್ತಿದ್ದು, ಕಾಲಿಡುವ ರಬ್ಬರು ಸವೆದು ನುಣ್ಣಗಾಗಿ, ಬ್ರೇಕಿನ ಹಿಡಿ ಬಣ್ಣ ಕಳೆದುಕೊಂಡು, ಸೀಟಿನ ಹೊಲಿಗೆ ಬಿಟ್ಟಿದ್ದರೆ, ರಾತ್ರಿಯ ಕಾಲದಲ್ಲಿ ಆ ಮೀಟರಿಗೆ ಏನೋ ಸಂಭವಿಸಿದೆಯೆಂದು ಕಲ್ಪಿಸದೆ ಗತ್ಯಂತರವಿಲ್ಲ. ಇನ್ನು ಅನುಪಲಬ್ಧಿ: ಸರ್ವೀಸ್ ಪುಸ್ತಕ ಕಾಣದಿದ್ದರೆ ಅದು ಕಳೆದುಹೋಗಿದೆಯೆಂದಲ್ಲ, ಸರ್ವೀಸೇ ನಡೆದಿಲ್ಲವೆಂದು ಗ್ರಹಿಸಬೇಕು. ಶಬ್ದಪ್ರಮಾಣಕ್ಕೆ ಆಪ್ತನ ವಾಕ್ಯ ಬೇಕು. ಮಾರುವವನು ಆಪ್ತನಲ್ಲ, ಸೋದರಮಾವನು ಆಪ್ತನಾದರೂ ಅವನ ಅನುಭವವು ಚೇತಕ್ಕಿನೊಡನೆ ನಿಂತುಹೋಗಿದೆ. ಮನೆಯ ಹತ್ತಿರದ ಮೆಕ್ಯಾನಿಕ್ಕನೊಬ್ಬನೇ ಇಲ್ಲಿ ಆಪ್ತ. ಅವನಿಗೆ ನೂರಿನ್ನೂರು ದಕ್ಷಿಣೆ ಕೊಟ್ಟು ಕರೆದುಕೊಂಡು ಹೋದರೆ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಅರೆನಿಮಿಷ ಆಲಿಸಿ “ಬೇಡ ಬಿಡಣ್ಣ” ಎಂಬ ಎರಡು ಮಾತಿನ ಸೂತ್ರದಲ್ಲಿ ಮೇಲಿನ ಸಮಸ್ತ ಪ್ರಮಾಣಗಳನ್ನೂ ಅಡಗಿಸುವನು.

ವಿದ್ಯುದ್ವಾದಿಗಳೆಂಬ ಮೂರನೆಯ ಮತದವರೂ ಈಚೆಗೆ ಪ್ರಬಲರಾಗಿದ್ದಾರೆ. ಅವರ ಸಿದ್ಧಾಂತದಲ್ಲಿ ದೋಷವಿಲ್ಲ. ಆದರೆ ಅದರ ಜಯಾಪಜಯಗಳು ಬಾಡಿಗೆ ಮನೆಯ ಮಾಲೀಕನು ನೆಲಮಹಡಿಯಲ್ಲಿ ಪ್ಲಗ್ಗೊಂದನ್ನು ಕೊಡುವನೋ ಇಲ್ಲವೋ ಎಂಬುದನ್ನು ಅವಲಂಬಿಸಿವೆ. ಹಳೆಯ ವಿದ್ಯುತ್ ಸ್ಕೂಟರಿನಲ್ಲಂತೂ ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲಿದ್ದು, ಅದರ ಅಂತರಂಗವು ಮೆಕ್ಯಾನಿಕ್ಕನ ಕಿವಿಗೂ ಗೋಚರವಲ್ಲ. ಪ್ರಥಮ ಸಾಧಕನಿಗೆ ಅಷ್ಟು ಸೂಕ್ಷ್ಮತತ್ತ್ವ ಬೇಡ.

ಇಷ್ಟೆಲ್ಲ ಆದಮೇಲೂ ಕೊಳ್ಳತಕ್ಕದ್ದು ಯಂತ್ರವನ್ನಲ್ಲ, ಕಾಗದವನ್ನು. ಇದು ಈ ಪ್ರಬಂಧದ ಹೃದಯ. ಯಂತ್ರದಲ್ಲಿ ಕೆಟ್ಟದ್ದೆಲ್ಲಕ್ಕೂ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಸಿಗುವುದು; ಕೆಟ್ಟ ಕಾಗದಕ್ಕೆ ಬಿಡಿಭಾಗವಿಲ್ಲ. ಆರ್.ಸಿ.ಯಲ್ಲಿರುವ ಚಾಸಿ ನಂಬರೂ ಗಾಡಿಯ ಮೇಲಿನ ನಂಬರೂ ಅಕ್ಷರಶಃ ಒಂದೇ ಆಗಿರಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್.ಒ.ಸಿ.ಯೂ 35ನೆಯ ಫಾರಮ್ಮೂ ಬೇಕು. ಗಾಡಿಯ ರಿಜಿಸ್ಟ್ರೇಷನ್ ನಂಬರನ್ನು ಅಂತರ್ಜಾಲದಲ್ಲಿ ಹಾಕಿ ನೋಡಿದರೆ ಬಾಕಿಯಿರುವ ಟ್ರಾಫಿಕ್ ದಂಡಗಳು ಹೊರಬೀಳುತ್ತವೆ. ಹೆಲ್ಮೆಟ್ಟಿಲ್ಲದೆ, ಸಿಗ್ನಲ್ ದಾಟಿ, ಮೂವರು ಕುಳಿತು ಹೋದ ಆ ಚರಿತ್ರೆಯನ್ನು ಓದಿದವನಿಗೆ ‘ಲೇಡೀಸ್ ಓಡಿಸಿದ್ದು’ ಎಂಬ ವಾಕ್ಯದ ಪ್ರಾಮಾಣ್ಯವು ತಾನಾಗಿ ತಿಳಿಯುವುದು. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿಂದಿನವನು ಗಳಿಸಿದ ನೋ ಕ್ಲೇಮ್ ಬೋನಸ್ಸು ಅವನ ಪುಣ್ಯವಾದುದರಿಂದ ಅವನೊಡನೆಯೇ ಹೋಗುವುದು, ಗಾಡಿಯೊಡನೆ ಬರುವುದಿಲ್ಲ.

ಸಿದ್ಧಾಂತವು ಹೀಗೆ: ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರು ಓಡಾಡುವ, ಕೈಯಲ್ಲಿ ಅಲ್ಪಸ್ವಲ್ಪ ಕೂಡಿಟ್ಟ ಹಣವುಳ್ಳ ತರುಣನು ಮೂರರಿಂದ ಐದು ವರ್ಷದ, ಬೀದಿಬೀದಿಯಲ್ಲಿ ಕಾಣುವ ಜಾತಿಯ, ಒಬ್ಬನೇ ಮಾಲೀಕನ, 110 ಸಿ.ಸಿ.ಯ ಸ್ಕೂಟರನ್ನು ಕೊಳ್ಳತಕ್ಕದ್ದು. ಅದು 2019ರ ಏಪ್ರಿಲ್ಲಿನ ನಂತರದ್ದಾಗಿದ್ದರೆ ಒಂದು ಹಿಡಿ ಒತ್ತಿದರೆ ಎರಡು ಚಕ್ರವೂ ಹಿಡಿಯುವ ಬ್ರೇಕಿನ ಏರ್ಪಾಡು ಅದರಲ್ಲಿ ಇದ್ದೇ ಇರುವುದು. ಗೊರಗುಂಟೆಪಾಳ್ಯದ ಸಂದಣಿಯಲ್ಲಿ ಮೊದಲ ಸ್ಕೂಟರಿಗೆ ಮೊದಲ ತಿಂಗಳಿನಲ್ಲಿಯೇ ಗೀರು ಬೀಳುವುದು ವಿಧಿಲಿಖಿತ. ಈ ಮೊದಲೇ ಗೀರು ಬಿದ್ದಿರುವ ಗಾಡಿಯ ಮೇಲೆ ಇನ್ನೊಂದು ಬಿದ್ದರೆ ನಿದ್ರೆ ಕೆಡುವುದಿಲ್ಲ. ಉಳಿದ ಹಣದಲ್ಲಿ ಟೈರು, ಬ್ರೇಕ್ ಶೂ, ಇಪ್ಪತ್ತು ಇಪ್ಪತ್ತೈದು ಸಾವಿರ ಕಿಲೋಮೀಟರು ದಾಟಿದ್ದರೆ ಬೆಲ್ಟು, ಮತ್ತು ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟುಗಳನ್ನು ಕೊಳ್ಳಬೇಕು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯ. ನಂಬತಕ್ಕ ಮೆಕ್ಯಾನಿಕ್ಕನು ಯಾರೂ ಇಲ್ಲದವನು, ಅಥವಾ ಹದಿನೈದು ವರ್ಷ ಒಂದೇ ಗಾಡಿಯನ್ನು ಓಡಿಸುವ ಸ್ಥಿರಚಿತ್ತನು, ಹೊಸದನ್ನೇ ಕೊಂಡರೂ ಆಕ್ಷೇಪವಿಲ್ಲ.

ಓದುಗರಲ್ಲಿ ಒಂದು ವಿನಂತಿ. 29 ಮತ್ತು 30ನೆಯ ಫಾರಮ್ಮುಗಳಿಗೆ ಸಹಿ ಮಾಡಿಸಿಕೊಂಡು ಡಿಕ್ಕಿಯಲ್ಲಿ ಇಟ್ಟುಕೊಂಡರೆ ವರ್ಗಾವಣೆ ಆಗುವುದಿಲ್ಲ. ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸತಕ್ಕದ್ದೆಂದು ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣ ಹೇಳುತ್ತದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕನೆಂದೂ ಅಪಘಾತದ ಪರಿಹಾರಕ್ಕೆ ಅವನೇ ಹೊಣೆಯೆಂದೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆದ್ದರಿಂದ ಕೊಳ್ಳುವಾಗಲೂ, ಮುಂದೆ ಇದೇ ಗಾಡಿಯನ್ನು ಇನ್ನೊಬ್ಬ ತರುಣನಿಗೆ ಮಾರುವಾಗಲೂ, ವರ್ಗಾವಣೆಯ ಕೆಲಸವನ್ನು ಮುಗಿಸಿಯೇ ಬೀಗದ ಕೈ ಕೈಬದಲಾಯಿಸಿರಿ.