ಗಾಲಿಗೆ ದಾರಿ ಬಿಡ್ರಿ

ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಎಲ್ಲಕ್ಕಿಂತ ಸುಧಾರಿಸಿದ ಕಟ್ಟಡ ಯಾವುದೆಂದರೆ ನಾಟಕ ಕಂಪನಿಯ ತಗಡಿನ ಥೇಟರು. ಇದು ನನ್ನ ತೀರ್ಮಾನವಲ್ಲ, ಪಕ್ಕದ ಮನೆಯ ದೊಡ್ಡವ್ವನದು.

“ಯಾಕಂತೀಯೋ ತಮ್ಮಾ, ಅದಕ್ಕ ಒಂದರ ಪಾವಟಿಗಿ ಐತೇನು? ನಮ್ಮ ಹುಡುಗ ಗಾಡಿ ಹೊಡಕೊಂಡು ಸೀದಾ ಒಳಗ ಹೋಗ್ತಾನ. ಮುಂದಿನ ಕುರ್ಚಿ ಸಾಲಿನ ಬಾಜೂಕ ನಿಲ್ಲಿಸ್ಕೊಂಡು ನಾಟಕ ನೋಡ್ತಾನ. ಎತ್ತಿ ಇಳಸೂದಿಲ್ಲ, ಯಾರ ಕೈಕಾಲು ಹಿಡಿಯೂದಿಲ್ಲ.”

ಇಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಕೆಂಪುಗಲ್ಲಿನ ಗ್ವಾಡಿ. ಆ ಕಡೆ ಆಕೆ ರೊಟ್ಟಿ ಒಣ ಹಾಕುತ್ತಾಳೆ, ಈ ಕಡೆ ನಾನು ಪೇಪರ್ ಓದುವ ನೆವದಲ್ಲಿ ನಿಲ್ಲುತ್ತೇನೆ. ದೊಡ್ಡವ್ವ ಗುಡಿಯ ಮುಂದೆ ರೊಟ್ಟಿ ಮಾರುವವಳು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಗುರೆಳ್ಳು ಪುಡಿ, ಗಡಿಗೆಯಲ್ಲಿ ಗಟ್ಟಿ ಮೊಸರು. ಬನಶಂಕರಿಗೆ ಬಂದವರು ತಾಯಿಗೆ ಕೈ ಮುಗಿದು, ಗಿಡದ ನೆರಳಿಗೆ ಬಂದು ಈ ಹೆಣ್ಣುಮಕ್ಕಳ ಮುಂದೆ ಕೂತರೇ ಯಾತ್ರೆ ಮುಗಿದಂತೆ. ಆಕೆಯ ಮಗನಿಗೆ ಎಳವೆಯಲ್ಲೇ ಪೋಲಿಯೊ. ಈಗ ನಾಲ್ವತ್ತರ ಹತ್ತಿರ. ಮೂರು ಗಾಲಿ ಗಾಡಿಯಲ್ಲಿ ಅವ್ವನ ಬುಟ್ಟಿ ಹೊತ್ತು ತರುವವನೂ ಅವನೇ, ಸಂಜೆ ಲೆಕ್ಕ ಬರೆಯುವವನೂ ಅವನೇ.

ಥೇಟರಿನ ಮಾತಿಗೆ ನಾನು ತಲೆಯಾಡಿಸಿದೆ. ಕಂಪನಿ ಮಾಲೀಕ ಯಾವ ಕಾಯ್ದೆಯನ್ನೂ ಓದಿ ಥೇಟರು ಕಟ್ಟಿದವನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯಸಂಘ ನೋಡಿ ಬೆಳೆದ ಸೀಮೆ ಇದು. ಆ ಆಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಪಂಚಾಕ್ಷರಿಗಳನ್ನು ಹುಡುಗನಾಗಿದ್ದಾಗ ಕೈಹಿಡಿದು ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರೇ 1909ರಲ್ಲಿ ಇಲ್ಲೇ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದವರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ಊರೂರಲ್ಲಿ ಪಟಾಕಿ. ಕುರುಡ ಗವಾಯಿಗೆ ಪೀಠ ಕೊಟ್ಟು ಕೂರಿಸಿದ ನಾಡು, ಕುರುಡ ಹುಡುಗ ಬಸ್‌ಸ್ಟ್ಯಾಂಡಿನಿಂದ ಗುಡಿಗೆ ಒಬ್ಬನೇ ನಡೆದು ಬರಲು ಒಂದು ನೆಟ್ಟನೆಯ ದಾರಿ ಕೊಟ್ಟಿದೆಯೇ?

“ದಾರಿ ಮಾತು ಆಮ್ಯಾಲಾತು. ಮೊದ್ಲ ಸಂಡಾಸದ್ದು ಹೇಳು,” ಅಂದಳು ದೊಡ್ಡವ್ವ.

ಇದು ಆಕೆಯ ನೆಚ್ಚಿನ ವಿಷಯ. ಜಾತ್ರೆ, ಉರುಸು, ಸಮ್ಮೇಳನ ಎಲ್ಲಿಗಾದರೂ ಹೋಗಿ, ಮೊಬೈಲ್ ಟಾಯ್ಲೆಟ್ ಅಂತ ಗಾಲಿ ಮೇಲೊಂದು ಡಬ್ಬಿ ನಿಂತಿರುತ್ತದೆ. ನೆಲದಿಂದ ಎರಡೂವರೆ ಅಡಿ ಮೇಲೆ ಬಾಗಿಲು, ಹತ್ತಲು ಕಬ್ಬಿಣದ ನಿಚ್ಚಣಿಕೆ.

“ಸಂಡಾಸಕ್ಕ ಗಾಲಿ ಅದಾವ, ನನ್ನ ಮಗಗ ಗಾಲಿ ಅದಾವ. ಗಾಲಿ ಇದ್ದಾಂವ ಗಾಲಿ ಇದ್ದದ್ದರೊಳಗ ಹೋಗಾಕ ಬರೂದಿಲ್ಲ. ಇದನ್ನ ಯಾವ ಇಂಜಿನೇರ ಹುಟ್ಟಸ್ಯಾನ?”

ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಜಾತ್ರೆಯ ದಿನ ಮಗ ಮುಂಜಾನೆಯಿಂದ ನೀರು ಕುಡಿಯುವುದಿಲ್ಲವಂತೆ. ಮೊಸರಿನ ಗಡಿಗೆ ಪಕ್ಕದಲ್ಲೇ ಇದ್ದರೂ ಮುಟ್ಟುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು?

ಇದನ್ನು ಸರಿಪಡಿಸಲು ವಿಧಾನಸೌಧಕ್ಕೆ ಹೋಗಬೇಕಿಲ್ಲ. ಸಾಲಿನ ಕೊನೆಗೆ ನೆಲಮಟ್ಟದಲ್ಲಿ ಒಂದು ತಗಡಿನ ಕೋಣೆ, ಗಾಡಿ ಹೊಕ್ಕು ತಿರುಗುವಷ್ಟು ಜಾಗ, ಕೂರುವ ಕಮೋಡು, ಗೋಡೆಗೊಂದು ಹಿಡಿಯುವ ಪೈಪು. ಒಳಗೆ ಗಾಡಿ ಒಂದು ಸುತ್ತು ತಿರುಗಲು ಐದು ಅಡಿ ಬೇಕು. ಬಾಗಿಲಿಗೆ ಮೂರು ಅಡಿ. ಜಾತ್ರೆ ಮುಗಿದ ಮೇಲೆ ಬಿಚ್ಚಿಟ್ಟರೆ ಬರುವ ವರ್ಷಕ್ಕೆ ಬರುತ್ತದೆ. ನಾಟಕದವರು ಇಡೀ ಥೇಟರನ್ನೇ ಬಿಚ್ಚಿ ಲಾರಿಗೆ ಹಾಕುತ್ತಾರೆ.

ರ್‍ಯಾಂಪಿನ ಲೆಕ್ಕ ನನಗೆ ಹೇಳಿಕೊಟ್ಟವರು ಓಣಿಯ ನಿವೃತ್ತ ಮಾಸ್ತರರು. ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರು ಇಂಚಿನ ಮೂರು ಪಾವಟಿಗೆ ಇದ್ದರೆ ಹದಿನೆಂಟು ಅಡಿ. ಈಗ ನೀವು ನೋಡಿದ ಯಾವುದಾದರೂ ಸರಕಾರಿ ಕಟ್ಟಡವನ್ನು ನೆನಪಿಸಿಕೊಳ್ಳಿ. ಮೂರು ಪಾವಟಿಗೆ, ಅದರ ಬಗಲಿಗೆ ಐದಡಿಯ ಒಂದು ಜಾರುಗುಂಡಿ, ಕೊನೆಗೆ ಒಂದು ಗಟಾರು. ಒಂದು ಕಚೇರಿಯಲ್ಲಂತೂ (ಹೆಸರು ಬೇಡ, ನಾಳೆ ನನಗೂ ಉತಾರ ಬೇಕಾಗುತ್ತದೆ) ರ್‍ಯಾಂಪಿನ ಮೇಲೆ ನುಣುಪಾದ ಟೈಲ್ಸು ಹಾಕಿ, ಬುಡದಲ್ಲಿ ಬೈಕು ನಿಲ್ಲಿಸಿದ್ದರು. ದೊಡ್ಡವ್ವನ ಮಗ ಹೇಳಿದ್ದು ಇಷ್ಟೇ: “ಕಾಕಾ, ಇದು ಹತ್ತಾಕ ಕಟ್ಟಿದ್ದಲ್ಲ, ಫೋಟೋ ಹೊಡ್ಯಾಕ ಕಟ್ಟಿದ್ದು.”

ಮತದಾನದ ದಿನ ಮಾತ್ರ ಎಲ್ಲ ನೇರ. ಶಾಲೆಯ ಬಾಗಿಲಿಗೆ ಕಟ್ಟಿಗೆಯ ರ್‍ಯಾಂಪು, ಒಂದು ವೀಲ್‌ಚೇರು, ದೂಡಲು ಹುಡುಗರು. 2023ರ ವಿಧಾನಸಭೆ ಚುನಾವಣೆಯಲ್ಲಂತೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಒಳ್ಳೆಯದೇ. ಆದರೆ ಓಟು ಕೇಳಲು ಮನೆಯ ಹೊಸ್ತಿಲವರೆಗೆ ಬಂದ ಸರಕಾರ, ಪಿಂಚಣಿ ಕೇಳಲು ಹೋದಾಗ ಮ್ಯಾಲಿನ ಮಾಳಿಗೆಯಲ್ಲಿ ಕೂತಿರುತ್ತದೆ.

ನಾನು ಫೋನಿನಲ್ಲಿ ಕಾಯ್ದೆ ಓದಿ ಹೇಳಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಮೊದಲು 7 ಇದ್ದ ಅಂಗವೈಕಲ್ಯಗಳ ಪಟ್ಟಿ 21 ಆಯಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಪ್ರಕಟವಾದ 5 ವರ್ಷದೊಳಗೆ ಸರಿಪಡಿಸಬೇಕು. ನಿಯಮ ಬಂದದ್ದು 2017ರ ಜೂನ್.

“ಅಂದ್ರ 2022ಕ್ಕ ಮುಗೀತಲ್ಲೋ.”

“ಮುಗೀತು ದೊಡ್ಡವ್ವ.”

“ನಮ್ಮ ಸಂಘದ ಸಾಲದ ಒಂದು ಕಂತು ತಪ್ಪಿದ್ರ ಹತ್ತು ಮಂದಿ ಬಾಗಲಕ್ಕ ಬರ್ತಾರ. ಈ ಕಂತು ತಪ್ಪಿದ್ದಕ್ಕ ಯಾರ ಬಾಗಲಕ್ಕ ಹೋಗೂದು?”

ಸುಪ್ರೀಂ ಕೋರ್ಟಿನ ಬಾಗಿಲಿಗೆ ಒಬ್ಬರು ಹೋಗಿದ್ದಾರೆ ಎಂದೆ. ರಾಜೀವ್ ರಾತುರಿ, ಕಣ್ಣು ಕಾಣದವರು. 2005ರಲ್ಲಿ ಹಾಕಿದ ಅರ್ಜಿ. 2024ರ ನವೆಂಬರ್ 8ರಂದು ಕೋರ್ಟು ಹೇಳಿದ್ದು ಬಲು ಮುಖ್ಯವಾದ ಮಾತು: ಕೇಂದ್ರದ ನಿಯಮದಲ್ಲಿರುವ ಮಾನದಂಡಗಳು ಬರೀ ಸಲಹೆಯಂತಿವೆ, ಕಾಯ್ದೆಯೋ ಕಡ್ಡಾಯ ಅನ್ನುತ್ತದೆ, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ. ಅಲ್ಲಿಯವರೆಗೆ ನಡೆದದ್ದೆಲ್ಲ ‘ಮಾಡಿದ್ರ ಚಲೋ’ ಅನ್ನುವ ಲೆಕ್ಕದಲ್ಲಿ.

ದೊಡ್ಡವ್ವನಿಗೆ ದಿಲ್ಲಿಯ ಮಾತು ಬಹಳ ಹೊತ್ತು ರುಚಿಸುವುದಿಲ್ಲ. “ನಮ್ಮ ಪಂಚಾಯ್ತಿ ಕೈಯಾಗ ಏನೈತಿ, ಅದನ್ನ ಹೇಳು,” ಅಂದಳು.

ಕೈಯಲ್ಲಿ ಬೇಕಾದಷ್ಟು ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5 ಭಾಗವನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಕಾರ್ಯಕರ್ತರು ಇರುತ್ತಾರೆ. ಬಹುಪಾಲು ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಬಂದಿಲ್ಲ, ಎಲ್ಲ ಅವರ ನೆನಪಿನಲ್ಲೇ ಇರುತ್ತದೆ. ಆದರೆ ರಸ್ತೆ ಕಾಮಗಾರಿಯ ಅಂದಾಜುಪಟ್ಟಿ ಬರೆಯುವಾಗ ಅವರನ್ನು ಕರೆದು ಕೇಳಿದ್ದನ್ನು ನಾನು ಕಂಡಿಲ್ಲ.

ಇಲ್ಲೊಂದು ಕಡೆ ನಾನೂ ದೊಡ್ಡವ್ವನೂ ಜಗಳವಾಡುತ್ತೇವೆ. ಶೇ 5ರ ದುಡ್ಡಿನಲ್ಲೇ ರ್‍ಯಾಂಪು ಕಟ್ಟಲಿ ಅಂತ ನಾನು. ಆಕೆ ಗ್ವಾಡಿಗೆ ಕೈ ಊರಿ ಕೇಳಿದಳು:

“ಪಾವಟಿಗಿ ಕಟ್ಟಿದ್ದು ಯಾರ ರೊಕ್ಕದಾಗ?”

“ಕಟ್ಟಡದ ರೊಕ್ಕದಾಗ.”

“ನಡ್ಯಾವರಿಗೆ ಪಾವಟಿಗಿ ಕಟ್ಟಡದ ರೊಕ್ಕದಾಗ, ನಮ್ಮ ಹುಡುಗಗ ರ್‍ಯಾಂಪು ಕುಂಟರ ರೊಕ್ಕದಾಗ? ಯಾ ಊರ ನ್ಯಾಯ ಇದು? ಆ ಐದು ರೂಪಾಯಿ ಅವ್ರ ಔಷಧಕ್ಕ, ಹೊಲಿಗಿ ಮಷೀನಿಗೆ ಇರ್ಲಿ. ದಾರಿ ಅನ್ನೂದು ಎಲ್ಲಾರ ಖಾತೇದಾಗ ಬರ್ಲಿ.”

ನನ್ನ ಬಳಿ ಉತ್ತರ ಇರಲಿಲ್ಲ. ಈಗ ನನ್ನ ಅಭಿಪ್ರಾಯವೂ ಅದೇ. ಗಟಾರು ಮುಚ್ಚುವ ಫರ್ಸಿಗೆ, ಸಿಸಿ ರಸ್ತೆಗೆ, ಅಂಗನವಾಡಿಯ ಕಟ್ಟೆಗೆ ಅಂದಾಜು ಬರೆಯುವಾಗಲೇ ಇಳಿಜಾರು ಸೇರಿಬಿಟ್ಟರೆ ಅದರ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟಿ ಮುಗಿದ ಮೇಲೆ ಒಡೆದು ಹಚ್ಚಲು ಹೋದಾಗಲೇ ಅದು ದಾನಧರ್ಮದಂತೆ ಕಾಣುವುದು. ಇನ್ನು ಒಂದು ಪೈಸೆ ಖರ್ಚಿಲ್ಲದ ಉಪಾಯವೂ ಇದೆ. ಕಾಯ್ದೆಯ 44ನೇ ಕಲಂ ಪ್ರಕಾರ ಮಾನದಂಡ ಪಾಲಿಸದ ನಕಾಶೆಗೆ ಕಟ್ಟಡ ಪರವಾನಗಿ ಕೊಡುವಂತಿಲ್ಲ, ಮುಕ್ತಾಯದ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಬಾದಾಮಿ, ಇಳಕಲ್, ಹುನಗುಂದ, ಬಾಗಲಕೋಟೆಯಲ್ಲಿ ದಿನಕ್ಕೊಂದು ಲಾಡ್ಜು, ಕಲ್ಯಾಣಮಂಟಪ, ದವಾಖಾನೆ ಏಳುತ್ತಿರುವಾಗ ಪುರಸಭೆ, ನಗರಸಭೆಗಳು ಮಾಡಬೇಕಾದದ್ದು ಒಂದೇ ಕೆಲಸ: ಸಹಿ ಹಾಕುವ ಮುನ್ನ ಟೇಪು ಹಿಡಿದು ಬಾಗಿಲು ಅಳೆಯುವುದು.

ಹಳೆಯದನ್ನೆಲ್ಲ ಒಡೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಬಾದಾಮಿಯ ಗುಹೆಗಳ ಪಾವಟಿಗೆ ಬಂಡೆಯಲ್ಲೇ ಇವೆ. ಮೂರನೆಯ ಗುಹೆ 578ರದು, ಮಂಗಲೇಶ ಕಡೆಸಿದ್ದು. ನಮ್ಮ ಬನಶಂಕರಿ ಗುಡಿಯ ಮುಂದಿನ ಹರಿದ್ರಾತೀರ್ಥದ ಹೊಂಡವೂ ಹಾಗೇ. ಆದರೆ ಟಿಕೆಟ್ ಕೊಡುವ ಕಿಟಕಿ, ನೀರಿನ ನಳ, ವಾಹನ ನಿಲ್ಲಿಸುವ ಜಾಗ ಇವನ್ನು ಯಾವ ಅರಸನೂ ಕಡೆಸಿದ್ದಲ್ಲ. ಹಂಪಿಯಲ್ಲಿ ವಿಜಯವಿಠ್ಠಲ ಗುಡಿಯವರೆಗೆ ಬ್ಯಾಟರಿ ಗಾಡಿ ಓಡುತ್ತವೆ, ಗುಡಿಯ ಒಂದು ಕಲ್ಲೂ ಅಲುಗಾಡಿಲ್ಲ. ದೊಡ್ಡವ್ವನ ಮಾತಿನಲ್ಲಿ, “ಚಾಲುಕ್ಯರು ಕಟ್ಟಿದ್ದಕ್ಕ ಪಾವಟಿಗಿ ಇರ್ಲಿ ಬಿಡು. ಹೋದ ವರ್ಷ ಕಟ್ಟಿದ್ದಕ್ಕ ಯಾಕ?”

ಆಕೆಯ ತಲೆಯಲ್ಲಿ ಇನ್ನೊಂದು ವಿಚಾರ ಬಹಳ ದಿನದಿಂದ ಕೂತಿದೆ. ಬನದ ಹುಣ್ಣಿಮೆಯ ತೇರಿಗೆ ಮುಂಚೆ ದಿನವೂ ತಯಾರಿ. ತೇರು ಎಳೆಯುವ ದಾರಿಯಲ್ಲಿ ತಗ್ಗು ಇರಬಾರದು, ಕಲ್ಲು ಇರಬಾರದು. ಅಡ್ಡ ಬಂದ ಟೊಂಗೆ ಕಡಿಯುತ್ತಾರೆ. ಕರೆಂಟಿನವರು ತಂತಿ ಇಳಿಸುತ್ತಾರೆ. ಮುಂದೆ ಚಾಚಿದ ಅಂಗಡಿಯವನು ತಾನೇ ತಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಗಾಲಿ ದಾರಿ ತಪ್ಪಿದರೆ ಮರದ ತುಂಡು ಕೊಟ್ಟು ಸರಿ ದಾರಿಗೆ ತರುವ ಮಂದಿ ಎರಡೂ ಬದಿಗೆ ಓಡುತ್ತಿರುತ್ತಾರೆ.

“ಗಾಲಿಗೆ ದಾರಿ ಹ್ಯಾಂಗ ಮಾಡಬೇಕು ಅನ್ನೂದು ಈ ಊರಿಗೆ ಗೊತ್ತಿಲ್ಲ ಅಂತ ಯಾರರ ಅಂದ್ರ ನಾ ಒಪ್ಪೂದಿಲ್ಲ,” ಅಂದಳು. “ತೇರಿನ ಗಾಲಿಗೆ ಒಂದು ದಿನ ಮಾಡ್ತೀರಿ. ನಮ್ಮ ಗಾಲಿಗೆ ಒಂದು ತಿಂಗಳ ಮಾಡ್ರಿ.”

ನಿಜವೇ. ಜಾತ್ರೆ ಎಂದರೆ ಖಾಲಿ ಬಯಲಿನಲ್ಲಿ ಎದ್ದು ನಿಲ್ಲುವ ಒಂದು ಊರು. ಅಂಗಡಿಗಳಿಗೆ ಜಾಗ ಗುರುತಿಸಲು ಸುಣ್ಣದ ಪುಡಿಯ ಗೆರೆ ಎಳೆಯುತ್ತಾರಲ್ಲ, ಆಗಲೇ ಬಸ್ ನಿಲ್ಲುವಲ್ಲಿಂದ ಗುಡಿಯವರೆಗೆ ಎಂಟಡಿಯ ಒಂದು ಓಣಿ ಖಾಲಿ ಬಿಟ್ಟು, ಮಣ್ಣು ಬಡಿದು ಗಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಗಾಡಿಗೆ ಪಾವಟಿಗೆಗಿಂತ ದೊಡ್ಡ ವೈರಿ ಸಡಿಲ ಮಣ್ಣು. ಇನ್ನು ಕಣ್ಣಿಲ್ಲದವರ ಪಾಡೇ ಬೇರೆ. ಅವರು ಕಿವಿಯಿಂದ ದಾರಿ ಹಿಡಿಯುವವರು. ಜಾತ್ರೆಯಲ್ಲಿ ನಾಟಕದ ಮೈಕು, ಬಳೆ ಅಂಗಡಿಯ ಮೈಕು, ಮಿಕ್ಸರ್ ಮಾರುವವನ ಮೈಕು ಎಲ್ಲ ಸೇರಿ ಆ ದಾರಿಯನ್ನೂ ಅಳಿಸಿಬಿಡುತ್ತವೆ. ಕಿವುಡರಿಗೆ ಇದೇ ಮೈಕಿನ ಪ್ರಕಟಣೆ ದಕ್ಕುವುದಿಲ್ಲ. ಕಳೆದುಹೋದ ಮಗುವಿನ ಸುದ್ದಿಯನ್ನು ದೊಡ್ಡ ಅಕ್ಷರದಲ್ಲಿ ಹಲಗೆಗೆ ಬರೆಯುವವರು ಯಾರು?

ಬಾಗಿಲು, ಚೌಕಟ್ಟು ಮಾರುವ ಸಾಲು ಈ ಜಾತ್ರೆಯ ಹೆಮ್ಮೆ. ದೂರದೂರಿನವರು ಹೊಸ ಮನೆಗೆ ಕೆತ್ತನೆಯ ಬಾಗಿಲು ಒಯ್ಯಲು ಬರುತ್ತಾರೆ. ಹೊಸ್ತಿಲು ಎಷ್ಟು ಎತ್ತರವೋ ಅಷ್ಟು ಗೌರವ. ಹೊಸ್ತಿಲ ಪೂಜೆ ತಪ್ಪದ ದೊಡ್ಡವ್ವ ಅದೇ ಸಾಲಿನ ಬಡಿಗೇರನಿಂದ ಎರಡೂ ಕಡೆ ಇಳಿಜಾರಿನ ಹಲಗೆ ಮಾಡಿಸಿಕೊಂಡು ಬಂದಿದ್ದಾಳೆ. ಮುಂಜಾನೆ ತೆಗೆದು ಅರಿಶಿಣ ಕುಂಕುಮ ಹಚ್ಚುತ್ತಾಳೆ, ಆಮೇಲೆ ಮತ್ತೆ ಇಡುತ್ತಾಳೆ. ದೇವರು ಸಿಟ್ಟಾದ ಸುದ್ದಿ ಇಲ್ಲ.

“ಪೋಲಿಯೊ ಈಗ ಎಲ್ಲೈತ್ರಿ, ಇನ್ನ ಮುಂದ ಇಂಥಾವ್ರು ಹುಟ್ಟೂದಿಲ್ಲ,” ಎಂದು ಒಬ್ಬ ಮುಖಂಡರು ಆಕೆಗೆ ಸಮಾಧಾನ ಹೇಳಿದ್ದರಂತೆ. ಪೋಲಿಯೊ ಹೋದದ್ದು ಖರೆ, 2014ರಲ್ಲಿ ದೇಶ ಪೋಲಿಯೊಮುಕ್ತವಾಯಿತು. ಆದರೆ ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರು, ಬೈಕಿನಿಂದ ಬಿದ್ದವರು, ಪಾರ್ಶ್ವವಾಯು ಬಡಿದವರು ಓಣಿ ಓಣಿಗೆ ಇದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13.24 ಲಕ್ಷ. “ಅದರಾಗ ನನ್ನ ಮೊಣಕಾಲು ಬಂದಾವೇನು?” ಎಂದು ಕೇಳಿದಳು. ಬಂದಿಲ್ಲ. ಆದರೆ ರ್‍ಯಾಂಪು ಕಟ್ಟಿದ ದಿನ ಮೊದಲು ಹತ್ತುವವಳು ಆಕೆಯೇ, ಬುಟ್ಟಿ ಸಮೇತ.

ಮಾತು ಅರ್ಜಿಗೆ ಬಂತು. ವಿಶೇಷಚೇತನರ ಸಮನ್ವಯ ಗ್ರಾಮಸಭೆ ಅಂತ ಪಂಚಾಯಿತಿಗಳಲ್ಲಿ ನಡೆಸುತ್ತಾರೆ, ಅರ್ಜಿ ಕೊಡುವುದು ಅಲ್ಲೇ. ತಮಿಳುನಾಡಿನವರು 2025ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನೇ ಸದಸ್ಯರಾಗಿ ನಾಮನಿರ್ದೇಶನ ಮಾಡುವ ಕಾಯ್ದೆ ಮಾಡಿಕೊಂಡರು. ನಮ್ಮಲ್ಲೂ ಆಗಲಿ, ಅದನ್ನೂ ಬರೆಯೋಣ ಎಂದು ನಾನು ಪೆನ್ನು ತಂದೆ. ಸಂಡಾಸ, ಎಂಟಡಿಯ ಓಣಿ, ಮೈಕಿನ ಸದ್ದು, ಪರವಾನಗಿಯ ಟೇಪು, ಹೀಗೆ ಒಂದೊಂದೇ ಬರೆಯುತ್ತ ಹೋದೆ. ದೊಡ್ಡವ್ವ ಗ್ವಾಡಿಯ ಆ ಕಡೆಯಿಂದ ಇಣುಕಿ ಹಾಳೆ ನೋಡಿದಳು. ಆಕೆಗೆ ಓದಲು ಬರುವುದಿಲ್ಲ, ಆದರೂ ಉದ್ದ ನೋಡಿಯೇ ಮುಖ ಗಂಟಾಯಿತು.

“ಇಷ್ಟೆಲ್ಲಾ ಬರದ್ರ ಯಾರೂ ಓದೂದಿಲ್ಲೋ ತಮ್ಮಾ. ಒಂದ ಬರಿ. ಹೋದ ಸಲ ನನ್ನ ತವರೂರಾಗ ಆ ಸಭಾ ಮ್ಯಾಲಿನ ಮಾಳಗ್ಯಾಗ ಮಾಡಿದ್ರಂತ, ನನ್ನ ತಮ್ಮನ ಮಗಳು ಕೆಳಗ ಕುಂತು ಸಹಿ ಮಾಡಿ ಬಂದಾಳ. ಈ ಸಲ ಸಭಾ ಕೆಳಗ ಮಾಡ್ರಿ ಅಂತ ಬರಿ. ಉಳಿದದ್ದು ಅಲ್ಲಿ ನಮ್ಮ ಹುಡುಗನ ಹೇಳ್ತಾನ.”