ಸದ್ದಲೇ! ಎಕ್ಸ್‌ಬಾಕ್ಸ್ ಕಾರ್ಣಿಕ

ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಅವರಿಗೆ,

ತಾವು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. ನಾಲ್ಕು ಮಾತು ಕನ್ನಡ ಕಿವಿಗೆ ಬಿದ್ದಿದ್ದೀತು ಎಂಬ ಧೈರ್ಯದಲ್ಲಿ ಕೊಟ್ಟೂರಿನಿಂದ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗನಿಗೆ ನಿಮ್ಮ ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸ್ ಬೇಕಂತೆ. ಭಾವ ಹಗರಿಬೊಮ್ಮನಹಳ್ಳಿ ಕಡೆಯ ಮೆಕ್ಕೆಜೋಳದ ರೈತರು. ಅದರ ಸೀರೀಸ್ ಎಕ್ಸ್ ಮಾದರಿ 2020ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದಾಗ 49,990 ರೂಪಾಯಿ. ಕ್ವಿಂಟಲಿಗೆ 2025-26ರ ಬೆಂಬಲ ಬೆಲೆ 2,400 ರೂಪಾಯಿ ಸಿಕ್ಕರೂ (ಸಿಕ್ಕರೆ ತಾನೆ!) ಹತ್ತಿರ ಹತ್ತಿರ 21 ಕ್ವಿಂಟಲ್ ಜೋಳ. “ತಡಿಯೋ, ಹಳೇದಾದ್ರ ಇಳೀತೈತಿ” ಅಂದರು ಭಾವ.

ಇಳಿಯಲಿಲ್ಲ. ನಿಮ್ಮ ಅಮೆರಿಕದಲ್ಲೇ 499 ಡಾಲರ್ ಇದ್ದದ್ದು 2025ರ ಮೇನಲ್ಲಿ 599, ಅಕ್ಟೋಬರ್‌ನಲ್ಲಿ 649. ಹಲ್ಲು ಸವೆದ ಎತ್ತಿಗೆ ಹೋರಿಗಿಂತ ಹೆಚ್ಚು ರೇಟು! ನಮ್ಮ ದನದ ಸಂತೆಯ ದಲ್ಲಾಳಿ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಅಂಥವನೂ ಇಷ್ಟು ಬೆರಳು ಹಿಡಿಯಲು ನಾಚಿಕೊಂಡಾನು. ಕಾರಣ ಕೇಳಿದರೆ ಆರ್ಥಿಕ ವಾತಾವರಣ ಎಂದಿರಿ. ಅದು ನಮ್ಮಲ್ಲೂ ಕೆಡುತ್ತಿರುತ್ತದೆ, ನಾವು ಮಳೆ ಅನ್ನುತ್ತೇವೆ. ಅದೇ ಅಕ್ಟೋಬರ್‌ನಲ್ಲಿ ಗೇಮ್ ಪಾಸ್ ಅಲ್ಟಿಮೇಟ್ ಚಂದಾವೂ ತಿಂಗಳಿಗೆ 20 ಡಾಲರಿನಿಂದ 30ಕ್ಕೆ ಹಾರಿತು.

2024ರ ನವೆಂಬರ್‌ನಲ್ಲಿ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವನ್ನೂ ತೋರಿಸಿ ‘ಇದೂ ಎಕ್ಸ್‌ಬಾಕ್ಸ್’ ಎಂದು ಜಾಹೀರಾತು ಕೊಟ್ಟಿರಿ. ಭಾವ ತಮ್ಮ ಒಡೆದ ಗಾಜಿನ ಮೊಬೈಲ್ ಎತ್ತಿ ಮಗನ ಕೈಗಿಟ್ಟು, “ತಗೋ” ಅಂದರು. ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಓಡಾಡಿದ ಹರಪನಹಳ್ಳಿಗೂ ತಾನು ಯಾರೆಂಬ ಗೊಂದಲ ನಿಮ್ಮ ಎಕ್ಸ್‌ಬಾಕ್ಸ್‌ಗಿರುವಷ್ಟು ಇರಲಿಲ್ಲ.

ನಿಮ್ಮ ಮುಂದಿನ ಯೋಜನೆಯಂತೂ ಮೈಲಾರದ ಕಾರ್ಣಿಕವೇ. ಹಡಗಲಿ ತಾಲ್ಲೂಕಿನ ಆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ಡೆಂಕನಮರಡಿಯಲ್ಲಿ ನೆರೆದ ಅಷ್ಟೂ ಜನ ಗಪ್‌ಚಿಪ್. ಒಂದು ಸಾಲು ಭವಿಷ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಅದು ಮಳೆಗೋ ಮುಖ್ಯಮಂತ್ರಿಗೋ ಎಂದು ಕೂಡ್ಲಿಗಿಯ ಚಹಾದಂಗಡಿಯವರೆಗೂ ಜನ ಅರ್ಥ ಬಿಡಿಸುತ್ತಾರೆ. ನಿಮ್ಮವರೂ 2025ರ ಜೂನ್‌ನಲ್ಲಿ ಹೊಸ ಪೆಟ್ಟಿಗೆಗೆ ಎಎಂಡಿ ಚಿಪ್ ಎಂದರು. ಅಕ್ಟೋಬರ್‌ನಲ್ಲಿ, ಅದು ಬಹಳ ಉನ್ನತ ದರ್ಜೆಯದು ಎಂದು ನುಡಿದರು. ಇದರ ಅರ್ಥ ಬಿಡಿಸಲು ಚಹಾ ಬೇಕಾಗಲಿಲ್ಲ. ಇನ್ನೊಂದು ವ್ಯತ್ಯಾಸ: ಗೊರವಯ್ಯ ಉಪವಾಸವಿದ್ದು ನುಡಿಯುತ್ತಾನೆ, ನಿಮ್ಮಲ್ಲಿ ಉಪವಾಸ ಕೇಳಿದವರ ಪಾಲಿಗೆ.

ಇರಲಿ, ವ್ಯವಹಾರಕ್ಕೆ ಬರೋಣ. ಭಾವ ಜೋಳವನ್ನು ರಸ್ತೆ ಮೇಲೆ ಹರವಿ ಒಣಗಿಸಿದ್ದಾರೆ. ತೇವಾಂಶ 14ರ ಒಳಗಿದೆ. 21 ಕ್ವಿಂಟಲ್ ತೂಗಿಸಿಕೊಂಡು ಪೆಟ್ಟಿಗೆ ಕಳಿಸಿ. ಲಾರಿ ಬಾಡಿಗೆ ನಿಮ್ಮದು.